ಸಿಹಿ ಮುಟ್ಟದ ವ್ರತ

ನನ್ನ ಅಂಡಾಶಯದಲ್ಲಿ ಸಿಸ್ಟ್ ಇರುವ ವಿಷಯ, ನನ್ನನ್ನು ನೋಡಲು ಬರುವ ಗಂಡಿನ ಕಡೆಯವರಿಗೆ ಗೊತ್ತಾಗಲೇಬಾರದು ಎಂದು ಅಮ್ಮ ಬೆಳಗಿನಿಂದ ಹೇಳುತ್ತಲೇ ಇದ್ದಳು. ನನ್ನ ಹೆದರಿಕೆಯೇ ಬೇರೆ. ಸಕ್ಕರೆ, ಮೈದಾ, ಕರಿದದ್ದು ಎಲ್ಲ ಬಿಟ್ಟ ಮೇಲೆ ಮುಟ್ಟಿನ ನೋವು ಸ್ವಲ್ಪ ತಗ್ಗಿತ್ತು. ಇವತ್ತು ಯಾರಾದರೂ ಬಲವಂತದಿಂದ ಕೇಸರಿಬಾತು ತಿನ್ನಿಸಿಬಿಟ್ಟರೆ?

ತಟ್ಟೆ ಕೊಡುತ್ತಿದ್ದ ಹಾಗೇ ಹುಡುಗನ ತಾಯಿ, "ನೀನೂ ಒಂಚೂರು ತಗೋಮ್ಮ" ಎಂದರು.

"ಅವಳಿಗೆ ವ್ರತ ಇದೆ," ಅಮ್ಮ ನಡುವೆ ಬಂದಳು. "ಸಿಹಿ ಮುಟ್ಟಲ್ಲ."

"ಬೋಂಡಾನಾದ್ರೂ?"

"ಕರಿದದ್ದೂ ಇಲ್ಲ."

"ಮತ್ತೆ ಏನು ತಿಂತೀಯಮ್ಮ?"

ನನ್ನನ್ನೇ ಕೇಳಿದ್ದರಿಂದ ತಲೆ ತಗ್ಗಿಸಿಕೊಂಡೇ ಹೇಳಿದೆ. "ಸೊಪ್ಪು, ಮೊಳಕೆಕಾಳು, ರಾಗಿ... ಅಗಸೆಪುಡಿ."

"ಅಗಸೆಪುಡಿ ಕೇಳೋ ದೇವರು ಯಾವುದಮ್ಮ?"

ಅಮ್ಮ ನನ್ನ ಕಾಲು ತುಳಿದಳು.

"ನಮ್ಮ ಮನೆದೇವರು" ಎಂದೆ.

ಅವರು ಎದ್ದು ಬಂದು ನನ್ನ ಪಕ್ಕದಲ್ಲೇ ಕೂತರು. ನಗು ತಡೆದುಕೊಂಡು, ನನಗಷ್ಟೇ ಕೇಳಿಸುವ ಹಾಗೆ ಹೇಳಿದರು:

"ಗಂಡಿನ ಕಡೆಯವರು ಬಂದಾಗ ನನ್ನ ಮಗಳೂ ಇದೇ ವ್ರತ ಹಿಡಿದಿದ್ದಳು. ನಿನ್ನ ಸಿಸ್ಟ್ ಎಡಗಡೆನೋ, ಬಲಗಡೆನೋ?"