ಗೋಡೆಯ ಗಾಜು

ಸುರಂಗ ಕೊರೆಯಲು ಬಂದಿದ್ದ ಫ್ರೆಂಚ್ ಕಂಪನಿಯವರು ಬೀದಿಯ ಪ್ರತಿ ಮನೆಯ ಗೋಡೆಬಿರುಕಿನ ಮೇಲೂ ಒಂದೊಂದು ಗಾಜಿನ ಪಟ್ಟಿ ಅಂಟಿಸಿದರು.

"ಯಾಕಮ್ಮಾ ಇದು?" ಎಂದು ಕೇಳಿದರು, ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯ ದತ್ತೋಜಿರಾಯರು.

"ಮನೆ ಅಲುಗಿದ್ರೆ ಗಾಜು ಸೀಳುತ್ತೆ ಅಂಕಲ್. ವಾರಕ್ಕೊಂದ್ಸಲ ಬಂದು ನೋಡ್ತೀವಿ," ಎಂದಳು ಕಂಪನಿಯ ಇಂಜಿನಿಯರ್.

ಆಕೆ ಅತ್ತ ಹೋದದ್ದೇ ರಾಯರು ಹೆಂಡತಿಯತ್ತ ತಿರುಗಿದರು. "ಎಲ್ಲಾ ನಾಟಕ ಕಣೇ. ಗಾಜು ಒಡೀತು, ಮನೆ ಬಿಡಿ ಅಂತಾರೆ. ಆಮೇಲೆ ಒಳಗೆ ಬಿಟ್ಕೋತಾರಾ?"

ಎಂಟನೇ ದಿನ ಗಾಜು ಸೀಳಿತ್ತು. ರಾಯರು ಅಂಗಡಿಯಲ್ಲಿ ಅದೇ ಅಳತೆಗೆ ಹೊಸ ಗಾಜು ಕೊಯ್ದು ತಂದು ಅಂಟಿಸಿದರು. ಅನುಮಾನ ಬಾರದಿರಲೆಂದು ಮೇಲೆ ಧೂಳನ್ನೂ ಸವರಿದರು. ಅದೂ ಸೀಳಿತು. ಹೀಗೆ ಐದು ಸಲ.

ಆರನೇ ವಾರ ಬೀದಿಯವರೆಲ್ಲ ಬ್ಯಾಗು ಹಿಡಿದು ವ್ಯಾನು ಹತ್ತುತ್ತಿದ್ದರು.

"ಎಲ್ಲಿಗಮ್ಮಾ ಇವರನ್ನೆಲ್ಲ ಸಾಗಿಸ್ತಿರೋದು?"

"ಹೋಟೆಲಿಗೆ ಅಂಕಲ್. ನಾಳೆ ಮಷೀನು ಈ ಮನೆಗಳ ಅಡಿಗೇ ಬರುತ್ತೆ. ದಾಟಿದ ಮೇಲೆ ವಾಪಸ್ ಕರ್ಕೊಂಡು ಬರ್ತೀವಿ."

"ಮತ್ತೆ ನಾವು?"

ಆಕೆ ಕೈಲಿದ್ದ ಮನೆಗಳ ಯಾದಿ ನೋಡಿ ನಕ್ಕಳು.

"ನೀವು ಆರಾಮಾಗಿ ಮನೇಲೇ ಇರಿ ಅಂಕಲ್. ಇಡೀ ಬೀದೀಲಿ ಗಾಜು ಸೀಳದೇ ಇರೋದು ನಿಮ್ಮ ಮನೇದೊಂದೇ."