ಒಂಟಿ ಸೀನು

ಮಹಾಮಂಗಳಾರತಿ ಮುಗಿದಿತ್ತು, ತೀರ್ಥದ ಬಟ್ಟಲು ತಯಾರಿತ್ತು, ಅರ್ಚಕ ವರದರಾಜಾಚಾರ್ಯರೇ ಮಂಗಮಾಯ.

ಎದುರಿಗೆ ಒಂದು ಕಡೆ ತಹಸೀಲ್ದಾರರು, ಇನ್ನೊಂದು ಕಡೆ ಮಠದ ಏಜೆಂಟರು. ಹೊಳೆನರಸೀಪುರದ ಆ ಗುಡಿ ಸರ್ಕಾರದ್ದೋ ಮಠದ್ದೋ ಎಂಬ ಜಗಳ ತೊಂಬತ್ತಾರನೇ ಇಸವಿಯಿಂದ ಕೋರ್ಟಿನಲ್ಲಿತ್ತು. ಮೊದಲ ತೀರ್ಥ ಯಾರಿಗೋ ಗುಡಿ ಅವರದು ಎಂದು ಊರೇ ಆಡಿಕೊಳ್ಳುತ್ತಿತ್ತು. ಆಚಾರ್ಯರಿಗೆ ತಸ್ತೀಕಿನ ಹಣ ಕೊಡುವುದು ಸರ್ಕಾರ, ದೀಕ್ಷೆ ಕೊಟ್ಟಿದ್ದು ಮಠ. ಯಾರು ಮುನಿಸಿಕೊಂಡರೂ ಅವರ ಅರ್ಚಕಿಕೆಗೆ ಎಳ್ಳುನೀರು.

ಅಪ್ಪ ಎಲ್ಲಿರಬಹುದೆಂದು ಮಗ ಜಯಂತನಿಗೆ ಹೊಳೆಯಿತು. ಅವನು ಕಾಲೇಜಿನಲ್ಲಿ ಇತಿಹಾಸದ ಮೇಷ್ಟರು. ಬೆಳಿಗ್ಗೆ ಕಾಫಿ ಕುಡಿಯುತ್ತ ತಾನೇ ಹೇಳಿದ್ದ: ಒಂಬೈನೂರು ವರ್ಷದ ಹಿಂದೆ ಜರ್ಮನಿಯ ರಾಜನಿಗೂ ಪೋಪನಿಗೂ ಜಟಾಪಟಿ. ಪೋಪನನ್ನು ಇಳಿಸಲು ಒಪ್ಪಿಗೆ ಕೊಡಿ ಎಂದು ರಾಜ ಬಿಷಪ್ಪರ ಸಭೆ ಕೂರಿಸಿದ. ಇಬ್ಬರಿಗೂ ಬೇಕಾದ ಒಬ್ಬ ಬಿಷಪ್ ಮೆಲ್ಲಗೆ ಚರ್ಚಿನ ಪೂಜಾವೇದಿಕೆಯ ಪೊಳ್ಳಿನೊಳಗೆ ನುಸುಳಿದ. ಎಲ್ಲ ಮುಗಿದ ಮೇಲೆ ಈಚೆ ಬಂದು ಏನೂ ಗೊತ್ತಿಲ್ಲದವನಂತೆ ಕುಳಿತ.

"ಪರವಾಗಿಲ್ವೇ, ನಮ್ಮೋನೇ," ಎಂದಿದ್ದರು ಆಚಾರ್ಯರು.

ಗುಡಿಯ ಮೂಲೆಯಲ್ಲಿ ಟೊಳ್ಳು ಹೊಟ್ಟೆಯ ಮರದ ಗರುಡ ವಾಹನ ನಿಂತಿತ್ತು.

"ಅಪ್ಪ ಇಲ್ದಿದ್ರೆ ಮಗ ಕೊಡ್ಲಿ," ಎಂದರು ಏಜೆಂಟರು. "ಕೊಡ್ರೀ ಮೇಷ್ಟ್ರೇ," ಎಂದರು ತಹಸೀಲ್ದಾರರು. ಎರಡು ಅಂಗೈ ಒಟ್ಟಿಗೇ ಮುಂದೆ ಬಂದವು. ಜಯಂತ ಉದ್ಧರಣೆ ಎತ್ತಿಕೊಂಡು ಬಟ್ಟಲಿನ ತೀರ್ಥ ಕಲಕುತ್ತ ನಿಂತ. ಆ ಹಾಳು ಬಿಷಪ್ಪನ ಕಥೆ ಯಾಕಾದರೂ ಹೇಳಿದೆನೋ ಎಂದು ತನ್ನನ್ನೇ ಬೈದುಕೊಂಡ.

"ಆಕ್ಷೀ..."

ಮೂಲೆಯಿಂದ ಒಂದೇ ಒಂದು ಸೀನು. ಯಾರದೆಂದು ತಿರುಗಿ ನೋಡುವ ಧೈರ್ಯ ಯಾರಿಗೂ ಬರಲಿಲ್ಲ. ಎರಡೂ ಅಂಗೈ ಹಿಂದೆ ಸರಿದವು.

"ಒಂಟಿ ಸೀನು," ಏಜೆಂಟರು ಗೊಣಗಿದರು. "ಮೊದ್ಲು ನೀವೇ ತಗೊಳ್ಳಿ ಸಾರ್."

"ಛೆ ಛೆ, ಗುರುಗಳ ಕಡೆಯೋರು. ನೀವೇ ಮೊದ್ಲು."

ಹಿಂದೆ ನಿಂತಿದ್ದ ಹಳೇಕೋಟೆಯ ಪುಟ್ಟತಾಯಮ್ಮ ಇಬ್ಬರ ನಡುವೆ ತೂರಿ ಬಂದರು. "ಇತ್ಲಾಗ್ ಕೊಡಿ ಸಾ, ಬಸ್ಸು ಒಂಟೋಯ್ತದೆ." ತೀರ್ಥ ಕುಡಿದು, ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡು ಹೊರಟೇಹೋದರು. ಮೊದಲನೆಯದು ಹೋಯಿತಲ್ಲ, ಆಮೇಲೆ ಇಬ್ಬರೂ ತಣ್ಣಗೆ ತೆಗೆದುಕೊಂಡರು.

ಗುಡಿ ಖಾಲಿಯಾದ ಮೇಲೆ ಆಚಾರ್ಯರು ಜೇಡರ ಬಲೆ ಸಮೇತ ಗರುಡನ ಹೊಟ್ಟೆಯಿಂದ ಇಳಿದರು.

"ದೇವರು ಕಾಪಾಡಿದ ಅಪ್ಪಾ," ಎಂದ ಜಯಂತ. "ಎರಡನೇ ಸೀನು ಬಂದಿದ್ರೆ ಜೋಡಿ ಸೀನು, ಶುಭ ಅಂತ ಮತ್ತೆ ಕೈ ಚಾಚ್ತಿದ್ರು."

"ಬಂತು ಕಣೋ," ಆಚಾರ್ಯರು ಮೂಗು ಉಜ್ಜಿಕೊಂಡರು. "ನುಂಗ್ಕೊಂಡೆ. ಈ ಗುಡೀಲಿ ಇಷ್ಟು ವರ್ಷ ಇನ್ನೇನು ಮಾಡಿದೀನಿ?"