ವಿನಾಯಿತಿ ಬೇಡವೆಂದವಳು

“ನಿಮ್ಮ ಅತ್ತೆ ಹೋದ ಚುನಾವಣೆಯಲ್ಲೇ ತೀರಿಕೊಂಡಿದ್ರಲ್ಲ ಮೇಷ್ಟ್ರೇ, ಇನ್ನೆಷ್ಟು ಸಲ ಸಾಯಿಸ್ತೀರಿ?”

ಚುನಾವಣಾ ಡ್ಯೂಟಿಯಿಂದ ವಿನಾಯಿತಿ ಕೇಳಲು ಸಾಲಿನಲ್ಲಿದ್ದವರು ಕಿಸಕ್ಕನೆ ನಕ್ಕರು. ಡ್ರಾಯಿಂಗ್ ಮೇಷ್ಟ್ರು ಮುಖ ಸಣ್ಣದು ಮಾಡಿಕೊಂಡು ಮತಗಟ್ಟೆಯ ಆದೇಶ ಹಿಡಿದು ಹೊರಟರು. ಹಾಗೆ ಕೇಳಿದ ಚುನಾವಣಾ ಅಧಿಕಾರಿಗೆ ಮಾತ್ರ ನಗು ಬರಲಿಲ್ಲ. ಬೆಳಿಗ್ಗೆಯಿಂದ ಸುಳ್ಳು ಕೇಳಿ ಕೇಳಿ ಅವನ ತಲೆ ಕೆಟ್ಟಿತ್ತು. ಒಬ್ಬನ ಕಾಲಿಗೆ ಬ್ಯಾಂಡೇಜು. ಮೆಟ್ಟಿಲಿಳಿಯುವಾಗ ಕುಂಟು ಮಾಯ. ಇನ್ನೊಬ್ಬಳ ಬೆನ್ನುನೋವು ಶುರುವಾದದ್ದೇ ಆದೇಶ ಕೈಸೇರಿದ ದಿನ.

ಮುಂದಿನವಳು ಪ್ರಾಥಮಿಕ ಶಾಲೆಯ ಟೀಚರು. ಪಟ್ಟಿಯಲ್ಲಿ ಹುಡುಕಿ ನೋಡಿದರೆ ಅವಳಿಗೆ ಆಗಲೇ ವಿನಾಯಿತಿ ಸಿಕ್ಕಿತ್ತು: ಹಾಲೂಡಿಸುವ ತಾಯಿ. ಆದರೂ ಬಂದು ನಿಂತಿದ್ದಳು. ಕೇಳಿದ್ದೂ ವಿಚಿತ್ರವೇ. ತನಗೂ ಡ್ಯೂಟಿ ಹಾಕಬೇಕಂತೆ. ಎಷ್ಟು ದೂರದ ಮತಗಟ್ಟೆಯಾದರೂ ಸರಿಯಂತೆ, ರಾತ್ರಿ ಅಲ್ಲೇ ಉಳಿಯುವಂಥದ್ದಾದರೆ ಇನ್ನೂ ಒಳ್ಳೆಯದಂತೆ.

ಭತ್ಯೆಯ ಆಸೆ ಎಂದುಕೊಂಡ ಅಧಿಕಾರಿ ಅದನ್ನು ಬಾಯಿಬಿಟ್ಟೇ ಕೇಳಿದ. ಭತ್ಯೆ ಬೇಡ ಎಂದಳು. ಹಾಗಾದರೆ ಮನೆಯಲ್ಲಿ ಜಗಳವೇ ಎಂದ. ಯಾರೂ ಒಂದು ಮಾತೂ ಅಂದಿಲ್ಲ, ಮನೆಯಲ್ಲಿ ಇರಲು ಆಗುತ್ತಿಲ್ಲ, ಅಷ್ಟೇ ಎಂದಳು.

ಅವನಿಗೆ ತನ್ನ ಹೆಂಡತಿ ನೆನಪಾದಳು. ಮಗಳು ಹುಟ್ಟಿದ ವರ್ಷ ಅವಳೂ ಹೀಗೇ ಅನ್ನುತ್ತಿದ್ದಳು, ಈ ನಾಲ್ಕು ಗೋಡೆ ಬಿಟ್ಟು ಎಲ್ಲಾದರೂ ಓಡಿಹೋಗಬೇಕು ಅಂತ. ಅವನ ದನಿ ಮೆತ್ತಗಾಯಿತು.

“ರಾತ್ರಿ ಮಗು ಅತ್ರೆ ಯಾರಮ್ಮ ನೋಡ್ತಾರೆ?”

“ಅಳಲ್ಲ ಸರ್.”

ಅವಳ ಎದೆಯ ಬಳಿ ಬಟ್ಟೆ ಒದ್ದೆಯಾಗುತ್ತಿತ್ತು. ಶಾಲು ಎಳೆದುಕೊಂಡಳು. ಅವನು ಥಟ್ಟನೆ ಫೈಲಿನತ್ತ ತಿರುಗಿದ. ಹಾಲಿನ ಹೊತ್ತಾಗಿದೆ, ಈಕೆ ಇಲ್ಲಿ ನಿಂತು ವಾದ ಮಾಡುತ್ತಿದ್ದಾಳೆ. ಎಂಥ ತಾಯಿ! ಮೆತ್ತಗಾಗಿದ್ದ ದನಿ ಮತ್ತೆ ಏರಿತು.

“ನೋಡಮ್ಮ, ಬೇಡ ಅನ್ನೋಕೆ ಇದು ನಿಮ್ಮದಲ್ಲ. ಕಾನೂನು ಈ ವಿನಾಯಿತಿ ಕೊಟ್ಟಿರೋದು ಮಗುವಿಗೋಸ್ಕರ. ಅದು ನಿಮ್ಮ ಹಾಲು ಕುಡಿಯೋ ತನಕ ನಾನು ಡ್ಯೂಟಿ ಹಾಕೋ ಹಾಗಿಲ್ಲ. ಮನೆಗೆ ಹೋಗಿ.”

ಅವಳು ಹೋಗಲಿಲ್ಲ. ಮೇಜಿನ ಅಂಚು ಹಿಡಿದು ಬಗ್ಗಿ, ಹಿಂದಿನವರಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದಳು:

“ಹಾಗಾದ್ರೆ ಹಾಕಬಹುದು ಸರ್. ಹೋದ ವಾರ ಮಗೂನ ಮಣ್ಣು ಮಾಡಿ ಬಂದ್ವಿ.”